ಬಜೆಟ್ ಮಂಡನೆಯಾದ ಮೇಲೆ: ಪಾಲಿಕೆಯ ಹಣ, ಟೆಂಡರ್ ಮತ್ತು ಒಂಬತ್ತು ತಪ್ಪು ಕಲ್ಪನೆಗಳು

ಪ್ರತಿವರ್ಷ ಫೆಬ್ರುವರಿ, ಮಾರ್ಚ್ ಬಂತೆಂದರೆ ರಾಜ್ಯದ ಮಹಾನಗರ ಪಾಲಿಕೆಗಳಲ್ಲಿ ಬಜೆಟ್ ಮಂಡನೆಯ ಗಡಿಬಿಡಿ. ಮರುದಿನ ಪತ್ರಿಕೆಗಳಲ್ಲಿ ಒಟ್ಟು ಮೊತ್ತ, ಹೊಸ ಯೋಜನೆಗಳ ಪಟ್ಟಿ, ವಿರೋಧ ಪಕ್ಷದ ಟೀಕೆ ಎಲ್ಲವೂ ಬರುತ್ತವೆ. ಹೆಚ್ಚಿನ ನಾಗರಿಕರ ಗಮನ ಅಲ್ಲಿಗೆ ಮುಗಿಯುತ್ತದೆ. ಆದರೆ ನಮ್ಮ ಬೀದಿಯ ಚರಂಡಿ ಆಗುತ್ತದೋ ಇಲ್ಲವೋ, ಆಗುವುದಾದರೆ ಎಷ್ಟು ಹಣದಲ್ಲಿ, ಯಾರ ಕೈಯಿಂದ ಆಗುತ್ತದೆ ಎಂಬುದು ತೀರ್ಮಾನವಾಗುವುದು ಆ ನಂತರದ ತಿಂಗಳುಗಳಲ್ಲಿ. ಒಂದು ಲೆಕ್ಕ ಶೀರ್ಷಿಕೆಯ ಹಣ ಇನ್ನೊಂದಕ್ಕೆ ಹೋಗುವುದು, ಟೆಂಡರ್ ಕರೆಯುವುದು, ಗುತ್ತಿಗೆ ಮೊತ್ತ ಏರುವುದು, ಘಟನೋತ್ತರ ಅನುಮೋದನೆ ಪಡೆಯುವುದು ಎಲ್ಲವೂ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಒಂದೆರಡು ಸಾಲಿನ ವಿಷಯಗಳಾಗಿ ಬಂದು ಹೋಗುತ್ತವೆ. ಈ ಭಾಗದ ಬಗ್ಗೆ ನಮ್ಮಲ್ಲಿ ತಿಳಿವಳಿಕೆ ಕಡಿಮೆ, ಅನುಮಾನ ಜಾಸ್ತಿ. ಬರೀ ಅನುಮಾನದಿಂದ ಯಾರ ಹಣವೂ ಉಳಿಯುವುದಿಲ್ಲ. ಯಾವುದು ಸರಿ, ಯಾವುದು ತಪ್ಪು ಎಂದು ಗೊತ್ತಿದ್ದವರು ಮಾತ್ರ ಸರಿಯಾದ ಪ್ರಶ್ನೆ ಕೇಳಬಲ್ಲರು.

ತಪ್ಪು ಕಲ್ಪನೆ 1: ಬಜೆಟ್‌ನಲ್ಲಿ ಹಣ ಇಟ್ಟಿದ್ದಾರೆ ಎಂದರೆ ಆ ಹಣ ಪಾಲಿಕೆಯ ಖಾತೆಯಲ್ಲಿದೆ.

ವಾಸ್ತವ: ಬಜೆಟ್ ಎಂದರೆ ಅಂದಾಜು ಮತ್ತು ಅನುಮತಿ. ಮುಂದಿನ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇಷ್ಟು ಆದಾಯ ಬರಬಹುದು, ಬಂದರೆ ಇಂಥದ್ದಕ್ಕೆ ಇಷ್ಟು ಖರ್ಚು ಮಾಡಬಹುದು ಎಂದು ಕೌನ್ಸಿಲ್ ಕೊಡುವ ಒಪ್ಪಿಗೆ ಅದು. ಆಸ್ತಿ ತೆರಿಗೆ, ಕಟ್ಟಡ ಪರವಾನಗಿ ಶುಲ್ಕ, ಬಾಡಿಗೆ, ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರದ ಅನುದಾನ ಇವೆಲ್ಲ ವರ್ಷವಿಡೀ ಕಂತು ಕಂತಾಗಿ ಬರುತ್ತವೆ. ಕೆಲವು ಬರುವುದೇ ಇಲ್ಲ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬಜೆಟ್ ಗಾತ್ರ 2024-25ರಲ್ಲಿ ಸುಮಾರು ₹12,370 ಕೋಟಿ ಇದ್ದದ್ದು 2025-26ರಲ್ಲಿ ₹19,927 ಕೋಟಿಗೆ ಏರಿತು. ಒಂದೇ ವರ್ಷದಲ್ಲಿ ಬೆಂಗಳೂರಿನ ಜನ ಅಷ್ಟೊಂದು ಹೆಚ್ಚು ತೆರಿಗೆ ಕಟ್ಟಿಬಿಡುತ್ತಾರೆ ಎಂದು ಇದರ ಅರ್ಥವಾಗಿರಲಿಲ್ಲ. ಏರಿಕೆಯ ದೊಡ್ಡ ಪಾಲು ನಿಂತಿದ್ದು ರಾಜ್ಯ ಸರ್ಕಾರ ತನ್ನ ವಾರ್ಷಿಕ ಅನುದಾನವನ್ನು ₹3,000 ಕೋಟಿಯಿಂದ ₹7,000 ಕೋಟಿಗೆ ಹೆಚ್ಚಿಸಿ ಕೊಟ್ಟ ಮಾತಿನ ಮೇಲೆ.

ಆದಾಯವನ್ನು ಉಬ್ಬಿಸಿ ಬರೆದರೆ ಅದರ ಬಿಸಿ ಎರಡು ವರ್ಷ ಬಿಟ್ಟು ತಟ್ಟುತ್ತದೆ. ಬರದ ಹಣವನ್ನು ನಂಬಿ ಟೆಂಡರ್ ಕರೆದು ಕಾರ್ಯಾದೇಶ ಕೊಡಲಾಗುತ್ತದೆ. ಕೆಲಸ ಮುಗಿಯುತ್ತದೆ, ಬಿಲ್ಲು ಬಾಕಿ ಉಳಿಯುತ್ತದೆ. ಗುತ್ತಿಗೆದಾರ ಸಾಲದ ಬಡ್ಡಿಯನ್ನೂ ಸೇರಿಸಿಕೊಂಡು ಮುಂದಿನ ಟೆಂಡರ್‌ನಲ್ಲಿ ದರ ಏರಿಸುತ್ತಾನೆ. ಹಾಗಾಗಿ ಬಜೆಟ್ ಪುಸ್ತಕ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಹೊಸ ಯೋಜನೆಗಳ ಪಟ್ಟಿಯನ್ನಲ್ಲ. ಕಳೆದ ವರ್ಷ ಎಷ್ಟು ಆದಾಯ ಬರುತ್ತದೆಂದು ಬರೆದಿದ್ದರು, ನಿಜವಾಗಿ ಎಷ್ಟು ಬಂತು ಎಂಬ ಎರಡು ಕಾಲಂಗಳನ್ನು.

ತಪ್ಪು ಕಲ್ಪನೆ 2: ವರ್ಷದ ನಡುವೆ ಬಜೆಟ್ ಬದಲಾಯಿಸಿದರೆ ಅದು ಅಕ್ರಮ.

ವಾಸ್ತವ: ಬದಲಾಯಿಸಲು ಕಾನೂನಿನಲ್ಲೇ ದಾರಿಯಿದೆ. ಜನವರಿಯಲ್ಲಿ ಕೂತು ಅಂದಾಜು ಬರೆದವರಿಗೆ ಆಗಸ್ಟ್‌ನಲ್ಲಿ ಎಷ್ಟು ಮಳೆ ಸುರಿಯುತ್ತದೆಂದು ತಿಳಿದಿರುವುದಿಲ್ಲ. ರಾಜಕಾಲುವೆಯ ತಡೆಗೋಡೆ ಕುಸಿದರೆ, ಕೊಳವೆಬಾವಿ ಬತ್ತಿದರೆ, ಸರ್ಕಾರದ ಅನುದಾನ ಕಡಿತವಾದರೆ ಲೆಕ್ಕವನ್ನು ತಿದ್ದಲೇಬೇಕು.

ತಿದ್ದುವ ದಾರಿ ಮುಖ್ಯವಾಗಿ ಮೂರು. ಒಟ್ಟು ಮೊತ್ತ ಹಾಗೇ ಇದ್ದು, ಒಂದು ಶೀರ್ಷಿಕೆಯಲ್ಲಿ ಉಳಿಯುವ ಹಣವನ್ನು ಕೊರತೆಯಿರುವ ಇನ್ನೊಂದಕ್ಕೆ ಕೊಡುವುದು ಮರು ಹೊಂದಾಣಿಕೆ. ಬಜೆಟ್ ಬರೆಯುವಾಗ ಎಣಿಸದಿದ್ದ ಆದಾಯ ಬಂದರೆ ಅಥವಾ ಹೊಸ ಖರ್ಚು ಎದುರಾದರೆ ಅದಕ್ಕೆ ಪ್ರತ್ಯೇಕ ಒಪ್ಪಿಗೆ ಪಡೆಯುವುದು ಪೂರಕ ಬಜೆಟ್. ವರ್ಷಾಂತ್ಯದ ಹೊತ್ತಿಗೆ ಆವರೆಗಿನ ಲೆಕ್ಕ ನೋಡಿ ಇಡೀ ಅಂದಾಜನ್ನು ಮತ್ತೆ ಬರೆಯುವುದು ಪರಿಷ್ಕೃತ ಅಂದಾಜು.

ಇದರಲ್ಲಿ ಸರಿ ತಪ್ಪನ್ನು ಅಳೆಯುವುದು ಹೇಗೆ? ಮೂರು ಪ್ರಶ್ನೆ ಸಾಕು. ಹಣ ಯಾವ ಶೀರ್ಷಿಕೆಯಿಂದ ಬಂತು? ಅಲ್ಲಿ ನಿಜವಾಗಿ ಉಳಿತಾಯವಿತ್ತೋ, ಇಲ್ಲವೇ ಆಗಬೇಕಿದ್ದ ಕೆಲಸವನ್ನು ನಿಲ್ಲಿಸಿ ಹಣ ಎತ್ತಿದರೋ? ಖರ್ಚಿಗೆ ಮೊದಲು ಒಪ್ಪಿಗೆ ಪಡೆದರೋ, ಆಮೇಲೆ ಪಡೆದರೋ? ಕೊಳೆಗೇರಿಯ ಶೌಚಾಲಯಕ್ಕೆ ಇಟ್ಟ ಹಣ ಖರ್ಚಾಗದೆ ಉಳಿದದ್ದು ಟೆಂಡರನ್ನೇ ಕರೆಯದ ಕಾರಣಕ್ಕಾದರೆ ಅದು ಉಳಿತಾಯವಲ್ಲ, ಆ ಜನರಿಗೆ ಮಾಡಿದ ಅನ್ಯಾಯ. ಆ ಹಣವನ್ನು ಮಾರ್ಚ್‌ನಲ್ಲಿ ವೃತ್ತದ ಅಲಂಕಾರಕ್ಕೆ ಹೊಂದಾಣಿಕೆ ಮಾಡಿದರೆ ಕಾಗದದ ಮೇಲೆ ಎಲ್ಲವೂ ಕ್ರಮಬದ್ಧವಾಗಿಯೇ ಕಾಣುತ್ತದೆ. ಬಜೆಟ್ ದಿನ ಕೊಟ್ಟ ಮಾತು ಕೌನ್ಸಿಲ್ ಸಭೆಯ ಒಂದು ಸಾಲಿನ ಠರಾವಿನಲ್ಲಿ ಕರಗುವುದು ಹೀಗೆ.

ಘಟನೋತ್ತರ ಅನುಮೋದನೆಯೂ ತುರ್ತಿನ ಹೊತ್ತಿಗೆಂದು ಇರುವ ಅವಕಾಶ. ಸಭೆಯಿಂದ ಸಭೆಗೆ ಅದೇ ರೂಢಿಯಾದರೆ ಕೌನ್ಸಿಲ್ ತೀರ್ಮಾನಿಸುವ ಅಧಿಕಾರ ಕಳೆದುಕೊಂಡು, ಆದದ್ದಕ್ಕೆ ಸಹಿ ಹಾಕುವ ಸಭೆಯಾಗುತ್ತದೆ.

ತಪ್ಪು ಕಲ್ಪನೆ 3: ಪಾಲಿಕೆಯಲ್ಲಿ ಹಣ ಬಿದ್ದಿದೆ, ಮನಸ್ಸು ಮಾಡಿದರೆ ಯಾವ ಕೆಲಸಕ್ಕಾದರೂ ಬಳಸಬಹುದು.

ವಾಸ್ತವ: ಪಾಲಿಕೆಯ ಹಣದ ದೊಡ್ಡ ಭಾಗಕ್ಕೆ ಬರುವಾಗಲೇ ಷರತ್ತು ಅಂಟಿರುತ್ತದೆ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ ಹಣ. ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಇನ್ನರ್ಧ ನೈರ್ಮಲ್ಯ ಮತ್ತು ಕಸ ನಿರ್ವಹಣೆಗೆ. ಆ ಹಣದಲ್ಲಿ ಡಾಂಬರು ಹಾಕಿಸಲು ಬರುವುದಿಲ್ಲ.

ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ಅಭಿವೃದ್ಧಿಯ ಹಣದಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರ ಅಭಿವೃದ್ಧಿಗೆ, ಶೇ 7.25ರಷ್ಟನ್ನು ಇತರ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಹೊಂದಾಣಿಕೆಯ ಹೆಸರಿನಲ್ಲಿ ಈ ಹಣ ಬೇರೆ ಕಡೆಗೆ ಹರಿಯದಂತೆ ನೋಡಿಕೊಳ್ಳುವುದು ಪ್ರತಿಯೊಬ್ಬ ಸದಸ್ಯನ ಕರ್ತವ್ಯ. ವರ್ಷಾಂತ್ಯದಲ್ಲಿ ಸುಲಭವಾಗಿ ಕೈ ಹಾಕಬಹುದಾದ ಹಣ ಎಂದರೆ ಹಕ್ಕು ಕೇಳಲು ಸಭೆಗೆ ಬರಲಾಗದವರ ಪಾಲಿನ ಹಣವೇ.

ಆಸ್ತಿ ತೆರಿಗೆಯ ರಸೀದಿಯಲ್ಲಿ ಕಾಣುವ ಮೊತ್ತವೂ ಪೂರ್ತಿ ಪಾಲಿಕೆಯದಲ್ಲ. ತೆರಿಗೆಯ ಮೇಲೆ ವಸೂಲಾಗುವ ಶೇ 6ರ ಗ್ರಂಥಾಲಯ ಕರ, ಶೇ 3ರ ಭಿಕ್ಷುಕರ ಕರ ಮುಂತಾದವು ಆಯಾ ಉದ್ದೇಶಕ್ಕೇ ಸಲ್ಲಬೇಕು. ಪಾಲಿಕೆ ಅಲ್ಲಿ ವಸೂಲು ಮಾಡಿ ಕೊಡುವ ಸಂಸ್ಥೆ ಮಾತ್ರ. ಅದನ್ನು ತನ್ನ ದೈನಂದಿನ ಖರ್ಚಿಗೆ ಬಳಸಿಕೊಂಡರೆ ಅದು ಕಟ್ಟಬೇಕಾದ ಬಾಕಿಯಾಗಿ ಬೆಳೆಯುತ್ತದೆ.

ತಪ್ಪು ಕಲ್ಪನೆ 4: ಗುತ್ತಿಗೆ ಕೊಡುವವರು ಕಾರ್ಪೊರೇಟರ್‌ಗಳು.

ವಾಸ್ತವ: ಯಾವ ಕೆಲಸ ಬೇಕು ಎಂದು ಕೇಳುವ, ಬಜೆಟ್ ಒಪ್ಪುವ, ನಿಗದಿತ ಮೊತ್ತ ಮೀರಿದ ಗುತ್ತಿಗೆಗಳಿಗೆ ಅನುಮೋದನೆ ಕೊಡುವ ಅಧಿಕಾರ ಕೌನ್ಸಿಲ್ ಮತ್ತು ಸ್ಥಾಯಿ ಸಮಿತಿಗಳದು. ಅಂದಾಜು ಪಟ್ಟಿ ತಯಾರಿಸುವುದು ಎಂಜಿನಿಯರ್‌ಗಳು. ಟೆಂಡರ್ ಕರೆದು ಪರಿಶೀಲಿಸಿ ಒಪ್ಪಂದಕ್ಕೆ ಸಹಿ ಹಾಕುವುದು ಆಯುಕ್ತರು ಮತ್ತು ಅವರ ಕೈಕೆಳಗಿನ ಅಧಿಕಾರಿಗಳು. ಮೊತ್ತ ಇನ್ನೂ ದೊಡ್ಡದಾದರೆ ಕಡತ ಸರ್ಕಾರಕ್ಕೆ ಹೋಗುತ್ತದೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ ಪ್ರಕಾರ, ಪಾಲಿಕೆಯ ಗುತ್ತಿಗೆಯಲ್ಲಿ ಸದಸ್ಯನೊಬ್ಬನಿಗೆ ಪಾಲು ಅಥವಾ ಹಿತಾಸಕ್ತಿ ಇದ್ದರೆ ಅದು ಅನರ್ಹತೆಗೆ ಕಾರಣ.

ಈ ವಿಂಗಡಣೆಗೆ ಅರ್ಥವಿದೆ. ಬೇಕು ಎನ್ನುವವರು, ಬೆಲೆ ಕಟ್ಟುವವರು, ಹಣ ಕೊಡುವವರು ಬೇರೆ ಬೇರೆಯಾಗಿದ್ದರೆ ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರುತ್ತದೆ. ಚುನಾಯಿತ ಕೌನ್ಸಿಲ್ ಇಲ್ಲದೆ ಹೋದಾಗ ಈ ಕಾವಲು ತಪ್ಪುತ್ತದೆ. ಬೆಂಗಳೂರಿನಲ್ಲಿ 2015ರಲ್ಲಿ ಆಯ್ಕೆಯಾದ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. 2021-22ರಿಂದ 2025-26ರವರೆಗಿನ ಐದು ಬಜೆಟ್‌ಗಳು ವಾರ್ಡ್‌ಗಳ ಪ್ರತಿನಿಧಿಗಳ ಚರ್ಚೆಯಿಲ್ಲದೆ, ಆಡಳಿತಾಧಿಕಾರಿಯ ಕಾಲದಲ್ಲೇ ಬಂದವು. ಕೌನ್ಸಿಲ್ ಮಾಡಬೇಕಾದ ಹೊಂದಾಣಿಕೆಗಳಿಗೂ ಅಧಿಕಾರಿಯೇ ಒಪ್ಪಿಗೆ ಕೊಡುವ ಸ್ಥಿತಿ ಅದು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳು ರೂಪುಗೊಂಡದ್ದೂ ಚುನಾಯಿತ ಸದಸ್ಯರಿಲ್ಲದೆಯೇ. ಕಾರ್ಪೊರೇಟರ್‌ಗಳ ಮೇಲೆ ಎಷ್ಟೇ ಸಿಟ್ಟಿದ್ದರೂ, ಅವರಿಲ್ಲದ ಪಾಲಿಕೆ ಹೆಚ್ಚು ಶುದ್ಧ ಎಂದುಕೊಳ್ಳುವುದು ದೊಡ್ಡ ತಪ್ಪು. ಅಲ್ಲಿ ಪ್ರಶ್ನೆ ಕೇಳುವ ಬಾಯಿಗಳೇ ಕಡಿಮೆ.

ತಪ್ಪು ಕಲ್ಪನೆ 5: ಎಲ್ಲರಿಗಿಂತ ಕಡಿಮೆ ದರ ಕೊಟ್ಟವರಿಗೆ ಗುತ್ತಿಗೆ ಸಿಕ್ಕರೆ ಜನರಿಗೆ ಲಾಭ.

ವಾಸ್ತವ: ರಾಜ್ಯದ ಸಾರ್ವಜನಿಕ ಖರೀದಿಗೆ ಆಧಾರ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಕಚೇರಿಗಳಲ್ಲಿ ಎಲ್ಲರೂ ಇದನ್ನು ಕೆಟಿಪಿಪಿ ಎನ್ನುತ್ತಾರೆ. ಟೆಂಡರ್ ದಾಖಲೆಯಲ್ಲೇ ಹೇಳಿದ ಮಾನದಂಡಗಳಿಗೆ ಒರೆಹಚ್ಚಿ ನೋಡಿದ ಮೇಲೆ ಕಡಿಮೆ ಎನಿಸುವ ದರವನ್ನು ಒಪ್ಪಬೇಕೆಂಬುದು ಅದರ ನಿಯಮ. ದೊಡ್ಡ ಕೆಲಸಗಳಲ್ಲಿ ಎರಡು ಲಕೋಟೆಯ ಪದ್ಧತಿಯಿದೆ. ಮೊದಲು ತಾಂತ್ರಿಕ ಬಿಡ್, ಅದರಲ್ಲಿ ತೇರ್ಗಡೆಯಾದವರದ್ದು ಮಾತ್ರ ಆರ್ಥಿಕ ಬಿಡ್.

ಅಂದಾಜು ಪಟ್ಟಿ ತಯಾರಾಗುವುದು ಲೋಕೋಪಯೋಗಿ ಇಲಾಖೆಯ ದರಪಟ್ಟಿ, ಅಂದರೆ ಎಸ್‌ಆರ್ ಆಧಾರದಲ್ಲಿ. ಆ ದರಕ್ಕಿಂತ ತೀರಾ ಕೆಳಗಿಳಿದು ಬಿಡ್ ಮಾಡಿದವನು ನಷ್ಟ ಮಾಡಿಕೊಳ್ಳಲು ಬಂದವನಲ್ಲ. ಜಲ್ಲಿಯ ಪದರ ತೆಳುವಾಗಬಹುದು, ಸಿಮೆಂಟಿನ ಪ್ರಮಾಣ ಇಳಿಯಬಹುದು, ಕೂಲಿಗಾರರ ಕೂಲಿ ಕಡಿತವಾಗಬಹುದು, ಇಲ್ಲವೇ ಕೆಲಸ ಅರ್ಧಕ್ಕೆ ನಿಲ್ಲಬಹುದು. ಅಂಥವರಿಂದ ಹೆಚ್ಚುವರಿ ಭದ್ರತಾ ಠೇವಣಿ ಪಡೆಯುವ ಷರತ್ತು ಇರುವುದು ಇದೇ ಕಾರಣಕ್ಕೆ.

ಎಸ್‌ಆರ್‌ಗಿಂತ ಹೆಚ್ಚಿನ ದರ, ಅಂದರೆ ಟೆಂಡರ್ ಪ್ರೀಮಿಯಂ, ಬಂದರೆ ಬಜೆಟ್ ಮೇಲೆ ನೇರ ಹೊರೆ. ಒಂದೇ ಬಿಡ್ ಬಂದಿದ್ದರೆ, ಅದೂ ಪ್ರೀಮಿಯಂನಲ್ಲಿ ಬಂದಿದ್ದರೆ, ಸದಸ್ಯರು ಕೇಳಲೇಬೇಕಾದ ಪ್ರಶ್ನೆಯಿದೆ: ಬೇರೆಯವರು ಬರದಂತೆ ಟೆಂಡರ್ ಷರತ್ತುಗಳಲ್ಲಿ ಏನಾದರೂ ಸೇರಿತ್ತೇ? ಟೆಂಡರ್ ಸಲ್ಲಿಸಲು ಕನಿಷ್ಠ ಇಷ್ಟು ದಿನ ಕೊಡಬೇಕೆಂದು ನಿಯಮವಿದೆ. ಅದನ್ನು ಮೊಟಕುಗೊಳಿಸಬೇಕಾದರೆ ಮೇಲಧಿಕಾರಿ ಕಾರಣ ಬರೆದಿಟ್ಟು ಅನುಮತಿ ಕೊಡಬೇಕು. ಅಲ್ಪಾವಧಿ ಟೆಂಡರ್ ಎಂಬ ಸೂಚನೆ ಕಂಡಲ್ಲೆಲ್ಲ ಆ ಕಾರಣವನ್ನು ಓದಬೇಕು.

ತಪ್ಪು ಕಲ್ಪನೆ 6: ಟೆಂಡರ್ ಕರೆಯದೆ ಮಾಡಿದ ಕೆಲಸವೆಲ್ಲ ಭ್ರಷ್ಟಾಚಾರ. ಟೆಂಡರ್ ಕರೆದ ಕೆಲಸವೆಲ್ಲ ಶುದ್ಧ.

ವಾಸ್ತವ: ಎರಡೂ ಅರ್ಧ ಸತ್ಯ. ಸರ್ಕಾರ ಘೋಷಿಸಿದ ಪ್ರಕೃತಿ ವಿಕೋಪ ಅಥವಾ ತುರ್ತು ಪರಿಸ್ಥಿತಿಯಲ್ಲಿ, ನಿಗದಿತ ಮಿತಿಯೊಳಗಿನ ಸಣ್ಣ ಖರೀದಿಗಳಲ್ಲಿ ಕೆಟಿಪಿಪಿ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ನೆರೆ ಬಂದ ರಾತ್ರಿ ಪಂಪ್‌ಸೆಟ್ ತರಿಸಲು ಟೆಂಡರ್ ಕರೆದು ಕೂರಲಾಗದು. ಕಾಯ್ದೆಯ 4(ಜಿ) ಕಲಂ ಅಡಿ ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಕೆಲಸಗಳಿಗೆ ವಿನಾಯಿತಿ ಕೊಡಬಹುದು. ಚರ್ಚೆ ಹೆಚ್ಚು ನಡೆಯುವುದು ಇದರ ಸುತ್ತಲೇ. ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಯಮಿತದಂಥ ಸರ್ಕಾರಿ ಸಂಸ್ಥೆಗಳಿಗೆ ನೇರವಾಗಿ ಕೆಲಸ ವಹಿಸುವುದಕ್ಕೂ ಇಂಥ ವಿನಾಯಿತಿಯೇ ಆಸರೆ. ವಿನಾಯಿತಿ ಅಪವಾದವಾಗಿರಬೇಕು. ಪದೇ ಪದೇ ಬಳಸಿದರೆ ಪೈಪೋಟಿಯಿಂದ ಸಿಗಬೇಕಾದ ಉಳಿತಾಯ ಪಾಲಿಕೆಯ ಕೈತಪ್ಪುತ್ತದೆ.

ಟೆಂಡರ್ ಕರೆದರೂ ಪೈಪೋಟಿ ಇಲ್ಲವಾಗಿಸುವ ದಾರಿಗಳಿವೆ. ಒಂದೇ ರಸ್ತೆಯ ಕೆಲಸವನ್ನು ಮೂರು ನಾಲ್ಕು ತುಂಡು ಮಾಡಿ ಮಿತಿಯೊಳಗೆ ತಂದು ತುಂಡು ಗುತ್ತಿಗೆ ಕೊಡುವುದು ಒಂದು. ಇದಕ್ಕೆ ಪೂರ್ತಿ ವಿರುದ್ಧವಾದದ್ದು ಹತ್ತಾರು ವಾರ್ಡ್‌ಗಳ ಸಣ್ಣ ಕೆಲಸಗಳನ್ನು ಒಟ್ಟುಗೂಡಿಸಿ ಪ್ಯಾಕೇಜ್ ಮಾಡುವುದು. ಆಗ ಸ್ಥಳೀಯ ಗುತ್ತಿಗೆದಾರರು ಅರ್ಹತೆಯ ಷರತ್ತಿನಲ್ಲೇ ಹೊರಗುಳಿಯುತ್ತಾರೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ಗುತ್ತಿಗೆದಾರರಿಗೆ ಇರುವ ಮೀಸಲಾತಿಯ ಮಿತಿ 2023ರಲ್ಲಿ ₹50 ಲಕ್ಷದಿಂದ ₹1 ಕೋಟಿಗೆ ಏರಿತು. ಸಣ್ಣ ಕೆಲಸಗಳನ್ನು ಪ್ಯಾಕೇಜಿನೊಳಗೆ ಸೇರಿಸಿದರೆ ಆ ಮಿತಿ ದಾಟಿ, ಮೀಸಲಾತಿಯ ಉದ್ದೇಶವೇ ಸೋಲುತ್ತದೆ. ಆದ್ದರಿಂದ ಟೆಂಡರ್ ಆಯಿತೇ ಎಂಬ ಪ್ರಶ್ನೆಯ ಜೊತೆಗೆ ಕೆಲಸವನ್ನು ಯಾಕೆ ಹೀಗೆ ತುಂಡು ಮಾಡಿದರು, ಯಾಕೆ ಹೀಗೆ ಕೂಡಿಸಿದರು ಎಂದೂ ಕೇಳಬೇಕು.

ತಪ್ಪು ಕಲ್ಪನೆ 7: ಒಪ್ಪಂದದಲ್ಲಿ ಬರೆದ ಮೊತ್ತಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಟ್ಟರೂ ಅದು ಲೂಟಿ.

ವಾಸ್ತವ: ಚರಂಡಿಗೆ ಅಗೆದಾಗ ನಕ್ಷೆಯಲ್ಲಿಲ್ಲದ ಹಳೆಯ ನೀರಿನ ಕೊಳವೆ ಸಿಗುತ್ತದೆ, ಬಂಡೆ ಸಿಗುತ್ತದೆ, ತಳ ಕುಸಿಯುತ್ತದೆ. ಆಗ ಹೆಚ್ಚುವರಿ ಕೆಲಸ ಅನಿವಾರ್ಯ. ಅದಕ್ಕೆ ಎಂಜಿನಿಯರ್ ವರ್ಕ್‌ಸ್ಲಿಪ್ ಬರೆದು, ಯಾವುದು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂದು ತೋರಿಸಿ, ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯಬೇಕು. ಹೆಚ್ಚಾದ ಮೊತ್ತಕ್ಕೆ ಬಜೆಟ್‌ನಲ್ಲಿ ಜಾಗವಿಲ್ಲದಿದ್ದರೆ ಮತ್ತೆ ಹೊಂದಾಣಿಕೆ ಬೇಕು. ಗುತ್ತಿಗೆ ಮತ್ತು ಬಜೆಟ್ ಹೊಂದಾಣಿಕೆ ಒಂದಕ್ಕೊಂದು ಹೆಣೆದುಕೊಳ್ಳುವ ಜಾಗ ಇದು.

ಅನುಮಾನ ಬರಬೇಕಾದ್ದು ಇಂಥ ಕಡೆ: ಮೊದಲು ತೀರಾ ಕಡಿಮೆ ದರಕ್ಕೆ ಗುತ್ತಿಗೆ ಹಿಡಿದು, ಕೆಲಸ ಶುರುವಾದ ಮೇಲೆ ಹೆಚ್ಚುವರಿ ಐಟಂಗಳ ಮೂಲಕ ಎರಡನೆಯ ಬಿಡ್‌ದಾರನ ದರವನ್ನೂ ಮೀರಿಸಿದಾಗ. ಮೂಲ ಅಂದಾಜು ಪಟ್ಟಿ, ಒಪ್ಪಂದದ ಮೊತ್ತ, ಅಂತಿಮ ಬಿಲ್ಲು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇದು ಬರಿಗಣ್ಣಿಗೇ ಕಾಣುತ್ತದೆ.

ತಪ್ಪು ಕಲ್ಪನೆ 8: ಹೊಸ ರಸ್ತೆ ಕಿತ್ತುಹೋದರೆ ಪಾಲಿಕೆ ಮತ್ತೆ ಹಣ ಹಾಕಿ ರಿಪೇರಿ ಮಾಡಿಸಬೇಕು.

ವಾಸ್ತವ: ಕೆಲಸ ಮುಗಿದ ಮೇಲೂ ಒಪ್ಪಂದದಲ್ಲಿ ಬರೆದಷ್ಟು ಕಾಲ ದೋಷಗಳಿಗೆ ಗುತ್ತಿಗೆದಾರನೇ ಹೊಣೆ. ಇದೇ ದೋಷ ಹೊಣೆಗಾರಿಕೆ ಅವಧಿ, ಕಚೇರಿಯ ಮಾತಿನಲ್ಲಿ ಡಿಎಲ್‌ಪಿ. ಆ ಅವಧಿಯೊಳಗೆ ಗುಂಡಿ ಬಿದ್ದರೆ ಅವನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಮಾಡದಿದ್ದರೆ ಹಿಡಿದಿಟ್ಟ ಠೇವಣಿಯಿಂದ ಮಾಡಿಸಬಹುದು. ಡಿಎಲ್‌ಪಿ ಇನ್ನೂ ಮುಗಿಯದ ರಸ್ತೆಗೆ ಗುಂಡಿ ಮುಚ್ಚುವ ಹೊಸ ಟೆಂಡರ್ ಬಂದಿದ್ದರೆ ಅದನ್ನು ಅಲ್ಲೇ ತಡೆಯಬೇಕು. ಪಾಲಿಕೆಯ ಹಣ ಅತಿ ಸುಲಭವಾಗಿ ಉಳಿಯುವ ಜಾಗ ಇದು.

ತಪ್ಪು ಕಲ್ಪನೆ 9: ಇದೆಲ್ಲ ಅಧಿಕಾರಿಗಳ ಲೆಕ್ಕ, ಸಾಮಾನ್ಯರಿಗೆ ತಿಳಿಯುವುದೂ ಇಲ್ಲ, ಕೇಳುವ ಹಕ್ಕೂ ಇಲ್ಲ.

ವಾಸ್ತವ: ಹಕ್ಕಿದೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗಲೇ, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು 243ಎಸ್ ವಿಧಿ ಹೇಳಿತು. ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ಬಜೆಟ್, ಯೋಜನೆಗಳು ಮತ್ತು ಉದ್ದೇಶಿತ ವೆಚ್ಚವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ವಿಧಿಸುತ್ತದೆ. ರಾಜ್ಯದ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್‌ನಲ್ಲಿ ಟೆಂಡರ್ ಪ್ರಕಟಣೆಗಳನ್ನು ಯಾರು ಬೇಕಾದರೂ ನೋಡಬಹುದು. ಅನೇಕ ಪಾಲಿಕೆಗಳು ಬಜೆಟ್‌ಗೆ ಮೊದಲು ಪೂರ್ವಭಾವಿ ಸಭೆ ಕರೆಯುತ್ತವೆ. ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯ ವರದಿಗಳಲ್ಲಿ ಆಕ್ಷೇಪಣಾ ಕಂಡಿಕೆಗಳಿರುತ್ತವೆ. ಆಕ್ಷೇಪಣೆ ಇದ್ದ ಮಾತ್ರಕ್ಕೆ ಕಳ್ಳತನ ಸಾಬೀತಾಗುವುದಿಲ್ಲ, ಆದರೆ ವರ್ಷಗಟ್ಟಲೆ ಉತ್ತರವಿಲ್ಲದೆ ಬಿದ್ದ ಕಂಡಿಕೆ ಪ್ರಶ್ನೆ ಕೇಳಲು ಸಾಕಷ್ಟು ಕಾರಣ.

ನಾಗರಿಕರಿಗೆ ಲೆಕ್ಕ ಅರ್ಥವಾಗುವುದಿಲ್ಲ ಎಂಬ ಮಾತೂ ಸುಳ್ಳು. 2002ರಲ್ಲಿ ಬೆಂಗಳೂರಿನ ನಾಗರಿಕ ಸಂಸ್ಥೆಗಳು ಸೇರಿ ‘ಪ್ರೂಫ್’ ಎಂಬ ಅಭಿಯಾನ ನಡೆಸಿ, ಅಂದಿನ ಮಹಾನಗರ ಪಾಲಿಕೆಯ ತ್ರೈಮಾಸಿಕ ಹಣಕಾಸು ವಿವರಗಳನ್ನು ಸಾರ್ವಜನಿಕ ಸಭೆಗಳಲ್ಲಿ ಚರ್ಚೆಗಿಟ್ಟವು. ಬಜೆಟ್‌ನಲ್ಲಿ ಹೇಳಿದ್ದೇನು, ಈ ಮೂರು ತಿಂಗಳಲ್ಲಿ ಆದದ್ದೇನು ಎಂದು ಗೃಹಿಣಿಯರು, ನಿವೃತ್ತರು, ವಿದ್ಯಾರ್ಥಿಗಳು ಕೂತು ಹೋಲಿಸಬಹುದೆಂದು ಅದು ತೋರಿಸಿಕೊಟ್ಟಿತು.

ಆ ಕೆಲಸವನ್ನು ನಮ್ಮ ನಮ್ಮ ವಾರ್ಡ್‌ನಲ್ಲಿ ನಾವೇ ಮಾಡಬಹುದು. ಇಡೀ ನಗರದ ಬಜೆಟ್ ಬೇಡ, ಒಂದೇ ಒಂದು ಕಾಮಗಾರಿ ಆಯ್ದುಕೊಳ್ಳಿ. ಅದರ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ, ಅಂತಿಮ ಬಿಲ್ಲು, ಡಿಎಲ್‌ಪಿ ಮುಗಿಯುವ ದಿನಾಂಕ ಈ ಐದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಸಾಮಾನ್ಯ ಸಭೆಯ ನಡಾವಳಿಯಲ್ಲಿ ‘ಮರು ಹೊಂದಾಣಿಕೆ’, ‘ಘಟನೋತ್ತರ ಅನುಮೋದನೆ’ ಎಂಬ ಪದಗಳಿರುವ ಠರಾವುಗಳನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಕಾರ್ಪೊರೇಟರ್ ಇದ್ದರೆ ಅವರನ್ನು, ಇಲ್ಲದಿದ್ದರೆ ಆಯುಕ್ತರನ್ನು ಲಿಖಿತವಾಗಿ ಕೇಳಿ. ಪಾಲಿಕೆಯ ಹಣ ತೆರಿಗೆ ಕಟ್ಟಿದ ನಮ್ಮದು, ಅದರ ಲೆಕ್ಕ ಕೇಳುವ ಹೊಣೆಯೂ ನಮ್ಮದೇ.